ಹೈಪರ್ 1ರಲ್ಲಿ ರಿಕ್ವೆಸ್ಟ್ ಕಳಿಸಿದರೆ ಉತ್ತರವೂ ಇಲ್ಲ, ಎರರೂ ಇಲ್ಲ

ಕನಕಪುರರೋಡ್_ಕೋಡರ್

ಎಲ್ಲರಿಗೂ ನಮಸ್ಕಾರ. ಮೂರು ರಾತ್ರಿಯಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಗೊತ್ತಿರುವವರು ದಾರಿ ತೋರಿಸಿ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ 64 ಮನೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿತು, ಎರಡು ತಿಂಗಳು ಟ್ಯಾಂಕರ್ ನೀರೇ ಗತಿ ಆಯಿತು. ಆಮೇಲೆ ಮನೆಮನೆಗೂ ನೀರಿನ ಮೀಟರ್ ಹಾಕಿಸಿದೆವು. ಎಲ್ಲ ಮೀಟರಿನ ರೀಡಿಂಗೂ ಪಂಪ್ ರೂಮಿನಲ್ಲಿರುವ ಒಂದು ಗೇಟ್‌ವೇ ಡಬ್ಬಿಗೆ ಬರುತ್ತದೆ. ಅದರ ಪಕ್ಕದಲ್ಲಿ ಎಸ್.ಪಿ. ರೋಡಿನಿಂದ ತಂದ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇಟ್ಟಿದ್ದೇನೆ. ಪೈ 15 ನಿಮಿಷಕ್ಕೊಮ್ಮೆ ಗೇಟ್‌ವೇಗೆ ಬ್ರೌಸರ್ ಬಳಸುವ ಎಚ್‌ಟಿಟಿಪಿಯಲ್ಲೇ ಕೇಳಿ ರೀಡಿಂಗ್ ತಂದು ಬರೆದಿಡಬೇಕು. ಇಷ್ಟೇ ಕೆಲಸ.

ರಸ್ಟ್ ಭಾಷೆಯಲ್ಲಿ ಬರೆಯುತ್ತಿದ್ದೇನೆ. ಎಚ್‌ಟಿಟಿಪಿ ಕೆಲಸ ಮಾಡುವ ಹೈಪರ್ ಲೈಬ್ರರಿಯ 0.14 ಆವೃತ್ತಿಯಲ್ಲಿ ಒಂದು ಹಳೆ ಕೋಡ್ ಇತ್ತು, ಅದು ಓಡುತ್ತಿತ್ತು. ಈಗ 1ಕ್ಕೆ ಬಂದರೆ ಕ್ಲೈಂಟ್ ಅನ್ನುವ ಟೈಪೇ ಕಾಣುತ್ತಿಲ್ಲ. ಡಾಕ್ಯುಮೆಂಟೇಶನ್ ನೋಡಿಕೊಂಡು ಟಿಸಿಪಿ ಕನೆಕ್ಷನ್ ಮಾಡಿದೆ, ಹ್ಯಾಂಡ್‌ಶೇಕ್ ಮಾಡಿದೆ, ರಿಕ್ವೆಸ್ಟ್ ಕಳಿಸಿ ಅವೇಟ್ ಮಾಡಿದೆ, ಅಂದರೆ ಉತ್ತರಕ್ಕೆ ಕಾದೆ. ಅಲ್ಲೇ ನಿಂತುಬಿಡುತ್ತದೆ. ಎರರ್ ಇಲ್ಲ, ಪ್ಯಾನಿಕ್ ಇಲ್ಲ. ವೈರ್ ಮೇಲೆ ಏನು ಹೋಗುತ್ತದೆ ಎಂದು ತೋರಿಸುವ ಟಿಸಿಪಿ ಡಂಪ್ ಹಾಕಿ ನೋಡಿದೆ. ಕನೆಕ್ಷನ್ ಆಗುವ ಮೂರು ಪ್ಯಾಕೆಟ್ ಕಾಣುತ್ತವೆ. ಅದಾದ ಮೇಲೆ ಒಂದು ಬೈಟೂ ಹೋಗಿಲ್ಲ.

ಹ್ಯಾಂಡ್‌ಶೇಕ್ ಎರಡು ವಸ್ತು ವಾಪಸ್ ಕೊಡುತ್ತದೆ. ಒಂದು ಸೆಂಡರ್, ಇನ್ನೊಂದು ಕನೆಕ್ಷನ್. ಎರಡನೆಯದನ್ನು ಬಳಸಿಲ್ಲ ಎಂದು ಕಂಪೈಲರ್ ಎಚ್ಚರಿಸಿತು. ಹೆಸರಿನ ಮುಂದೆ ಅಂಡರ್‌ಸ್ಕೋರ್ ಹಾಕಿದೆ, ಎಚ್ಚರಿಕೆ ಹೋಯಿತು.

ರಾಗಿಮುದ್ದೆ

ಕೊನೆ ಎರಡು ಸಾಲಿನಲ್ಲಿ ಉತ್ತರ ನೀವೇ ಬರೆದಿದ್ದೀರಿ.

ಪೀಣ್ಯ_ಎಂಬೆಡೆಡ್

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆ ಕನೆಕ್ಷನ್ ಒಂದು ಫ್ಯೂಚರ್, ಅಂದರೆ ಯಾರಾದರೂ ನಡೆಸುವವರೆಗೆ ಸುಮ್ನೆ ಇರುವ ಕೆಲಸ. ಸಾಕೆಟ್ಟಿಗೆ ಬರೆಯುವುದು, ಸಾಕೆಟ್ಟಿನಿಂದ ಓದುವುದು ಎಲ್ಲ ಅದರದೇ ಕೆಲಸ. ಸೆಂಡರ್ ಕೈಯಲ್ಲಿ ಬರೀ ಒಂದು ಚಾನೆಲ್ ಇದೆ. ನೀವು ಕೊಟ್ಟ ರಿಕ್ವೆಸ್ಟನ್ನು ಅದು ಆ ಚಾನೆಲ್ಲಿಗೆ ಹಾಕಿ ಉತ್ತರ ಬರಲಿ ಎಂದು ಕೂತಿದೆ. ಆ ಕಡೆಯಿಂದ ಎತ್ತಿಕೊಳ್ಳುವವರು ಯಾರೂ ಇಲ್ಲ, ಯಾಕೆಂದರೆ ಕನೆಕ್ಷನ್ ಫ್ಯೂಚರನ್ನು ಯಾರೂ ಪೋಲ್ ಮಾಡುತ್ತಿಲ್ಲ, ಅಂದರೆ ಮುಂದಕ್ಕೆ ನಡೆಸುತ್ತಿಲ್ಲ.

ಇಂಥ ಫ್ಯೂಚರುಗಳನ್ನು ಓಡಿಸುವ ಟೋಕಿಯೋ ಲೈಬ್ರರಿಯ ಸ್ಪಾನ್‌ಗೆ ಆ ಕನೆಕ್ಷನ್ನನ್ನು ಕೊಟ್ಟುಬಿಡಿ. ಅಷ್ಟೇ. ಹೆಸರಿಗೆ ಹ್ಯಾಂಡ್‌ಶೇಕ್ ಅಂದರೂ ಎಚ್‌ಟಿಟಿಪಿ 1ರಲ್ಲಿ ಆ ಹಂತದಲ್ಲಿ ವೈರ್ ಮೇಲೆ ಏನೂ ಹೋಗುವುದಿಲ್ಲ. ಅದಕ್ಕೇ ನಿಮಗೆ ಡಂಪಿನಲ್ಲಿ ಏನೂ ಕಾಣಲಿಲ್ಲ.

ಇನ್ನೊಂದು ಮಾತು, ಇದು ಮುಖ್ಯ. ನೀವು ಬರೀ ಅಂಡರ್‌ಸ್ಕೋರ್ ಹಾಕಿದ್ದರೆ ಕನೆಕ್ಷನ್ ಆ ಸಾಲಿನಲ್ಲೇ ಡ್ರಾಪ್ ಆಗಿ, ಕಳಿಸಿದ ತಕ್ಷಣ ಎರರ್ ಬರುತ್ತಿತ್ತು. ನೀವು ಅಂಡರ್‌ಸ್ಕೋರ್ ಜೊತೆಗೆ ಹೆಸರೂ ಕೊಟ್ಟಿದ್ದೀರಿ. ಹಾಗಾಗಿ ಅದು ಫಂಕ್ಷನ್ ಮುಗಿಯುವವರೆಗೆ ಬದುಕಿತ್ತು, ಸುಮ್ನೆ ನಿಂತಿತ್ತು. ಎರಡರ ನಡುವೆ ಇಷ್ಟು ವ್ಯತ್ಯಾಸ ಇದೆ.

ಜಯನಗರ_4ನೇಬ್ಲಾಕ್

ಇದನ್ನು ದರ್ಶಿನಿ ಥರ ನೆನಪಿಟ್ಟುಕೊಳ್ಳಿ. ಕ್ಯಾಶ್ ಕೌಂಟರಿನಲ್ಲಿ ದುಡ್ಡು ಕೊಟ್ಟು ಟೋಕನ್ ತೆಗೆದುಕೊಂಡಿರಿ. ಅದನ್ನು ದೋಸೆ ಕೌಂಟರಿನಲ್ಲಿ ಇಡದೆ ಜೇಬಲ್ಲಿ ಇಟ್ಟುಕೊಂಡು ಟೇಬಲ್ ಹತ್ತಿರ ನಿಂತರೆ ದೋಸೆ ಹೇಗೆ ಬರುತ್ತದೆ?

ರಾಗಿಮುದ್ದೆ

ಹೋಲಿಕೆ ಪೂರ್ತಿ ಸರಿಯಿಲ್ಲ ಗುರು. ದರ್ಶಿನಿಯಲ್ಲಿ ನೀವು ಟೋಕನ್ ಇಡದಿದ್ದರೂ ಭಟ್ಟರು ಬೇರೆಯವರಿಗೆ ದೋಸೆ ಹುಯ್ಯುತ್ತಲೇ ಇರುತ್ತಾರೆ. ಇಲ್ಲಿ ಭಟ್ಟರೇ ಕೆಲಸಕ್ಕೆ ಬಂದಿಲ್ಲ. ಟೋಕನ್ ಸರಿಯಾಗಿ ಕೌಂಟರಿನಲ್ಲೇ ಇದೆ, ಒಲೆ ಹಚ್ಚುವವರು ಇಲ್ಲ. ಸ್ಪಾನ್ ಮಾಡುವುದು ಅಂದರೆ ಭಟ್ಟರನ್ನು ಒಲೆ ಮುಂದೆ ನಿಲ್ಲಿಸುವುದು.

ಜಯನಗರ_4ನೇಬ್ಲಾಕ್

ಒಪ್ಪಿದೆ. ಇದು ನನ್ನದಕ್ಕಿಂತ ಚೆನ್ನಾಗಿದೆ.

ಕೆಂಪು_ಏಡಿ

ಎಲ್ಲಾ ಸರಿ, ಆದರೆ ಮೂಲ ಪ್ರಶ್ನೆ ಯಾರೂ ಕೇಳುತ್ತಿಲ್ಲ. 15 ನಿಮಿಷಕ್ಕೆ ಒಂದು ಗೆಟ್ ರಿಕ್ವೆಸ್ಟ್ ಮಾಡುವುದಕ್ಕೆ ಹೈಪರನ್ನು ನೇರವಾಗಿ ಯಾಕೆ ಮುಟ್ಟಬೇಕು? ರೆಕ್ವೆಸ್ಟ್ ಎಂಬ ಕ್ರೇಟ್, ಅಂದರೆ ರಸ್ಟ್ ಪ್ಯಾಕೇಜ್ ಇದೆ, ಆ ಕ್ಯೂ-ಡಬ್ಲ್ಯೂ ಸ್ಪೆಲ್ಲಿಂಗಿನದು. ಒಳಗೆ ಅದೂ ಹೈಪರನ್ನೇ ಬಳಸುತ್ತದೆ. ತೆರೆದ ಕನೆಕ್ಷನ್ನುಗಳನ್ನು ಮತ್ತೆ ಬಳಸುವ ಪೂಲ್, ರೀಡೈರೆಕ್ಟ್, ಗುಟ್ಟಾಗಿ ಕಳಿಸುವ ಟಿಎಲ್‌ಎಸ್, ಟೈಮ್‌ಔಟ್ ಆಯ್ಕೆ ಎಲ್ಲ ಇದೆ. ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ. ಮೂರು ರಾತ್ರಿ ನಿದ್ದೆ ಉಳಿಯುತ್ತಿತ್ತು.

ಹೈಪರ್ ಇರುವುದು ಲೈಬ್ರರಿ ಕಟ್ಟುವವರಿಗೆ. ಆಕ್ಸಮ್, ಟಾನಿಕ್, ರೆಕ್ವೆಸ್ಟ್ ಎಂಬ ಮೂರು ಲೈಬ್ರರಿಗಳೂ ಅದರ ಮೇಲೆ ನಿಂತಿವೆ. ತಳಪಾಯದ ಕಲ್ಲನ್ನು ತಂದು ಊಟದ ಟೇಬಲ್ ಮಾಡಬೇಕಾಗಿಲ್ಲ.

ಕನಕಪುರರೋಡ್_ಕೋಡರ್

ಪೀಣ್ಯ ಸರ್, ಸ್ಪಾನ್ ಮಾಡಿದೆ, ಪ್ಯಾಕೆಟ್ ಹೋಯಿತು! ತುಂಬಾ ಥ್ಯಾಂಕ್ಸ್. ಆದರೆ ಗೇಟ್‌ವೇ ಈಗ 400, ಅಂದರೆ ರಿಕ್ವೆಸ್ಟ್ ಸರಿಯಿಲ್ಲ ಎಂಬ ಕೋಡ್ ಕೊಡುತ್ತಿದೆ. ಬ್ರೌಸರಿನಲ್ಲಿ ಅದೇ ವಿಳಾಸ ಸರಿಯಾಗಿ ತೆರೆಯುತ್ತದೆ.

ಏಡಿಯವರೇ, ಯಾಕೆ ಅಂದರೆ ಒಳಗೆ ಏನು ನಡೆಯುತ್ತದೆ ಎಂದು ನನಗೆ ತಿಳಿಯಬೇಕು. ಆರು ವರ್ಷದಿಂದ ವೆಬ್ ಕೆಲಸ ಮಾಡುತ್ತಿದ್ದೇನೆ. ಒಂದು ರಿಕ್ವೆಸ್ಟ್ ವೈರ್ ಮೇಲೆ ಹೇಗೆ ಕಾಣುತ್ತದೆ ಎಂದು ಈ ವಾರವೇ ಮೊದಲ ಸಲ ಕಣ್ಣಿಟ್ಟು ನೋಡಿದ್ದು.

ಪೀಣ್ಯ_ಎಂಬೆಡೆಡ್

400ಕ್ಕೆ ಎರಡು ಕಡೆ ನೋಡಿ.

ಯಾವ ಸರ್ವರಿಗೆ ಕೇಳುತ್ತಿದ್ದೀರಿ ಎಂದು ಹೇಳುವ ಹೋಸ್ಟ್ ಹೆಡರ್ ಹಾಕಿದ್ದೀರಾ? ಎಚ್‌ಟಿಟಿಪಿ 1.1ರಲ್ಲಿ ಅದು ಇರಲೇಬೇಕು. ಇಲ್ಲದಿದ್ದರೆ ಸರ್ವರ್ 400 ಕೊಡಬೇಕು ಎಂದು ನಿಯಮವೇ ಇದೆ. ಈ ಕೆಳಮಟ್ಟದ ಎಪಿಐ ಅದನ್ನು ತಾನಾಗಿ ಹಾಕುವುದಿಲ್ಲ. ನೀವೇ ಹಾಕಬೇಕು.

ಹಾಗೆಯೇ ಯುಆರ್‌ಐ ನೋಡಿ. ಪೂರ್ತಿ ವಿಳಾಸ ಕೊಟ್ಟರೆ ಮೊದಲ ಸಾಲಿನಲ್ಲಿ ಪೂರ್ತಿ ವಿಳಾಸವೇ ಹೋಗುತ್ತದೆ. ಅದು ಪ್ರಾಕ್ಸಿಗೆ, ಅಂದರೆ ನಡುವೆ ನಿಲ್ಲುವ ಸರ್ವರಿಗೆ ಮಾತಾಡುವ ರೀತಿ. ದೊಡ್ಡ ಸರ್ವರುಗಳು ಒಪ್ಪುತ್ತವೆ, ಸಣ್ಣ ಡಬ್ಬಿಗಳು ತಬ್ಬಿಬ್ಬಾಗುತ್ತವೆ. ಸ್ಲ್ಯಾಶ್‌ನಿಂದ ಶುರುವಾಗುವ ಪಾತ್ ಮಾತ್ರ ಕೊಡಿ.

ಹಳೇ_ಸಿ_ಪ್ರೋಗ್ರಾಮರ್

ವಿಳಾಸ ಕೊಟ್ಟರೆ ಡೇಟಾ ತರುವ ಕರ್ಲ್ ಪ್ರೋಗ್ರಾಮಿನವರೇ ಹೈಪರನ್ನು ಕೈಬಿಟ್ಟರು ಎಂದು ಓದಿದೆ. ಅಷ್ಟು ಅನುಭವ ಇರುವವರೇ ಬೇಡ ಅಂದಮೇಲೆ ನಾವು ಯಾಕೆ ಹಿಂದೆ ಬೀಳಬೇಕು? ಸಿ ಭಾಷೆಯಲ್ಲಿ ಸಾಕೆಟ್ ತೆರೆದು ನಾಲ್ಕು ಸಾಲು ಬರೆದರೆ ಇದೇ ಕೆಲಸ ಆಗುತ್ತದೆ.

ಬಸವನಗುಡಿ_ಬೈಟ್

ಸರ್, ಕೈಬಿಟ್ಟದ್ದು ನಿಜ, ಕಾರಣ ಬೇರೆ. ಕರ್ಲ್‌ನಲ್ಲಿ ಹೈಪರ್ ಒಂದು ಪ್ರಾಯೋಗಿಕ ಆಯ್ಕೆಯಾಗಿತ್ತು. 2024ರ ಡಿಸೆಂಬರಿನಲ್ಲಿ ಕರ್ಲ್ ಕಟ್ಟಿದ ಡೇನಿಯಲ್ ಸ್ಟೆನ್‌ಬರ್ಗ್ ಅದನ್ನು ತೆಗೆಯುವುದಾಗಿ ಬರೆದರು. ಬಳಸುವವರಿಂದ ಬೇಡಿಕೆ ಬರಲಿಲ್ಲ. ಸಿ ಮತ್ತು ರಸ್ಟ್ ಎರಡೂ ಚೆನ್ನಾಗಿ ಬಲ್ಲ, ನಡುವಿನ ಅಂಟು ಕೋಡನ್ನು ನೋಡಿಕೊಳ್ಳುವ ಜನ ಸಿಗಲಿಲ್ಲ. ಹೈಪರ್ ಕೆಟ್ಟದ್ದು ಎಂಬ ಕಾರಣಕ್ಕೆ ಅಲ್ಲ.

ಸಿಯಲ್ಲಿ ನಾಲ್ಕು ಸಾಲಿನಲ್ಲಿ ಕಳಿಸಬಹುದು, ಒಪ್ಪುತ್ತೇನೆ. ಉತ್ತರ ಓದುವುದು ನಾಲ್ಕು ಸಾಲಿನಲ್ಲಿ ಆಗುವುದಿಲ್ಲ. ಬಾಡಿ ಎಲ್ಲಿ ಮುಗಿಯುತ್ತದೆ ಎಂದು ಕಂಟೆಂಟ್-ಲೆಂಗ್ತ್ ಹೆಡರ್ ಒಂದು ಹೇಳಿ ಟ್ರಾನ್ಸ್‌ಫರ್-ಎನ್‌ಕೋಡಿಂಗ್ ಹೆಡರ್ ಇನ್ನೊಂದು ಹೇಳಿದರೆ ಯಾವುದನ್ನು ನಂಬುತ್ತೀರಿ? ಮುಂದಿರುವ ಪ್ರಾಕ್ಸಿ ಒಂದನ್ನು, ಹಿಂದಿರುವ ಸರ್ವರ್ ಇನ್ನೊಂದನ್ನು ನಂಬಿದರೆ ಒಬ್ಬರ ರಿಕ್ವೆಸ್ಟಿನ ಬಾಲಕ್ಕೆ ಇನ್ನೊಂದು ರಿಕ್ವೆಸ್ಟ್ ಕಟ್ಟಿ ಒಳಗೆ ತೂರಿಸಬಹುದು. ಸ್ಮಗ್ಲಿಂಗ್ ಎನ್ನುವುದು ಇದನ್ನೇ. 2022ರಲ್ಲಿ ಬಂದ ಇಂಟರ್ನೆಟ್ ನಿಯಮಗಳ ದಾಖಲೆ ಆರ್‌ಎಫ್‌ಸಿ 9112ರಲ್ಲಿ ಇದಕ್ಕೆ ವಿವರವಾದ ನಿಯಮ ಇದೆ. ಹೈಪರಿನಲ್ಲೂ 2021ರಲ್ಲಿ ಇಂಥ ಒಂದು ತಪ್ಪು ಸಿಕ್ಕಿ ಸರಿಪಡಿಸಿದ್ದಾರೆ. ಎಷ್ಟೋ ಜನ ಸೇರಿ ನೋಡುವ ಕೋಡಿನಲ್ಲೇ ಹೀಗಾದರೆ ಒಬ್ಬರೇ ಕೂತು ಬರೆದ ಪಾರ್ಸರ್ ಗತಿ ಏನು ಹೇಳಿ.

ಹಳೇ_ಸಿ_ಪ್ರೋಗ್ರಾಮರ್

ಕಾರಣ ತಿಳಿಸಿದ್ದಕ್ಕೆ ಧನ್ಯವಾದ, ನಾನು ಶೀರ್ಷಿಕೆ ಮಾತ್ರ ಓದಿದ್ದೆ. ಸ್ಮಗ್ಲಿಂಗ್ ವಿಷಯ ಒಪ್ಪುತ್ತೇನೆ. ಆದರೆ ಪಂಪ್ ರೂಮಿನಲ್ಲಿ ಪ್ರಾಕ್ಸಿಯೂ ಇಲ್ಲ, ಕಳ್ಳನೂ ಇಲ್ಲ. ಅಲ್ಲಿಗೆ ಇಷ್ಟು ದೊಡ್ಡ ಸಾಮಾನು ಬೇಕಾ ಎಂಬುದು ನನ್ನ ಪ್ರಶ್ನೆ. ಆ ಪ್ರಶ್ನೆ ಇನ್ನೂ ಹಾಗೇ ಇದೆ.

ಮಲ್ಲೇಶ್ವರ_18ನೇಅಡ್ಡರಸ್ತೆ

ದೊಡ್ಡ ಸಾಮಾನು ಅಲ್ಲ ಸರ್. 1.0ರಲ್ಲಿ ಫೀಚರುಗಳೆಲ್ಲ ಮೊದಲೇ ಆಫ್ ಆಗಿರುತ್ತವೆ. ಕ್ಲೈಂಟ್ ಬೇಕಾದರೆ ಕ್ಲೈಂಟ್, ಎಚ್‌ಟಿಟಿಪಿ 1 ಬೇಕಾದರೆ ಅದನ್ನು ಮಾತ್ರ ಹೆಸರು ಹೇಳಿ ತೆಗೆದುಕೊಳ್ಳಬೇಕು. ಎಚ್‌ಟಿಟಿಪಿ 2, ಸರ್ವರ್ ಯಾವುದೂ ಸೇರುವುದಿಲ್ಲ. ಟಿಎಲ್‌ಎಸ್ ಅಂತೂ ಅದರೊಳಗೆ ಇಲ್ಲವೇ ಇಲ್ಲ, ಬೇಕಾದರೆ ನಾವೇ ಕೂಡಿಸಬೇಕು.

ಗಾಂಧಿಬಜಾರ್_ಗೋಫರ್

ನಾನು ಗೋ ಭಾಷೆಯವನು. ಜಗಳಕ್ಕೆ ಬಂದಿಲ್ಲ, ನಿಜವಾಗಿ ಅರ್ಥವಾಗದೆ ಕೇಳುತ್ತಿದ್ದೇನೆ. ಗೋದಲ್ಲಿ ಎಚ್‌ಟಿಟಿಪಿ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲೇ ಬರುತ್ತದೆ. ನೀವು ಹೈಪರ್, ಹೈಪರ್-ಯುಟಿಲ್, ಎಚ್‌ಟಿಟಿಪಿ, ಎಚ್‌ಟಿಟಿಪಿ-ಬಾಡಿ, ಎಚ್‌ಟಿಟಿಪಿ-ಬಾಡಿ-ಯುಟಿಲ್, ಟೋಕಿಯೋ ಎಂದು ಆರು ಕ್ರೇಟ್ ಸೇರಿಸಿ ಒಂದು ಗೆಟ್ ಮಾಡುತ್ತೀರಿ. ಹೊಸಬರಿಗೆ ಇದು ಹಿಂಸೆ ಅಲ್ವಾ?

ಬಸವನಗುಡಿ_ಬೈಟ್

ಹಿಂಸೆ ನಿಜ, ಮುಚ್ಚಿಡುವುದಿಲ್ಲ. ಆದರೆ ಹಾಗೆ ಒಡೆದದ್ದಕ್ಕೆ ಕಾರಣ ಇದೆ.

ಶಾನ್ ಮೆಕಾರ್ಥರ್ ಹೈಪರ್ ಶುರು ಮಾಡಿದ್ದು 2014ರಲ್ಲಿ. ರಸ್ಟ್ 1.0 ಬಂದದ್ದೇ 2015ರ ಮೇನಲ್ಲಿ. ಅವೇಟ್ ಅನ್ನುವ ಪದ ಭಾಷೆಗೆ ಬಂದದ್ದು 2019ರ ನವೆಂಬರಿನಲ್ಲಿ, 1.39ರ ಜೊತೆ. ಅಂದರೆ ಕಾಲ ಕೆಳಗಿನ ನೆಲ ಅಲುಗಾಡುತ್ತಿದ್ದಾಗಲೇ ಈ ಲೈಬ್ರರಿ ಬೆಳೆದಿದೆ. ಸ್ಟ್ಯಾಂಡರ್ಡ್ ಲೈಬ್ರರಿಗೆ ಒಮ್ಮೆ ಹಾಕಿದರೆ ಆಮೇಲೆ ತೆಗೆಯುವಂತಿಲ್ಲ. 2015ರ ರೂಪವನ್ನೇ ಹಾಕಿಬಿಟ್ಟಿದ್ದರೆ ಇವತ್ತಿಗೂ ಒಂದು ಕನೆಕ್ಷನ್ನಿಗೆ ಒಂದು ಥ್ರೆಡ್ ಹಿಡಿದುಕೊಂಡು ಕೂತಿರಬೇಕಿತ್ತು.

2023ರ ನವೆಂಬರಿನಲ್ಲಿ ಹೈಪರ್ 1.0 ಬಂತು. ಆಗ ಅವರು ಇನ್ನೂ ಬದಲಾಗಬಹುದು ಅನ್ನಿಸಿದ್ದನ್ನೆಲ್ಲ ಹೊರಗೆ ಇಟ್ಟರು. ಪೂಲ್ ಇರುವ ಹಳೆ ಕ್ಲೈಂಟ್ ಹೈಪರ್-ಯುಟಿಲ್‌ಗೆ ಹೋಯಿತು, ಅದೂ ಲೆಗಸಿ ಎಂಬ ಹೆಸರಿನಲ್ಲಿ. ಟ್ರೇಟ್ ಅಂದರೆ ಒಂದು ಟೈಪ್ ಏನೇನು ಮಾಡಬೇಕು ಎಂಬ ಒಪ್ಪಂದ. ಟೋಕಿಯೋದ ಓದುವ ಬರೆಯುವ ಟ್ರೇಟುಗಳ ಬದಲು ಹೈಪರ್ ತನ್ನದೇ ಟ್ರೇಟ್ ಇಟ್ಟುಕೊಂಡಿತು. ಅದಕ್ಕೇ ಸಾಕೆಟ್ಟನ್ನು ಟೋಕಿಯೋ-ಐಒ ಅನ್ನುವ ಹೊದಿಕೆಯಲ್ಲಿ ಸುತ್ತಿ ಕೊಡಬೇಕು.

ಕೆಂಪು_ಏಡಿ

ಆ ಲೆಗಸಿ ಹೆಸರು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. ಅದಕ್ಕೆ ಬದಲಿ ತಯಾರಾಗುವ ಮೊದಲೇ ಹಳೆಯದು ಎಂದು ಹೆಸರಿಟ್ಟರೆ ಜನ ಹೆದರಿ ಮುಟ್ಟುವುದಿಲ್ಲ. ಕೋಡರ್ ಅವರು ಕೆಳಗಿನ ಎಪಿಐಗೆ ಇಳಿದದ್ದೂ ಆ ಹೆಸರು ನೋಡಿಯೇ ಇರಬೇಕು.

ಕನಕಪುರರೋಡ್_ಕೋಡರ್

ಹೌದು, ಅದೂ ಒಂದು ಕಾರಣ. ಲೆಗಸಿ ಎಂದು ಕಂಡ ತಕ್ಷಣ ಬಿಟ್ಟೆ.

ಈಗ ಹೋಸ್ಟ್ ಹಾಕಿದೆ, ಪಾತ್ ಮಾತ್ರ ಕೊಟ್ಟೆ. ಮೊದಲ ಸಾಲು ಬ್ರೌಸರ್ ಕಳಿಸುವ ಥರವೇ ಇದೆ. ಆದರೂ 400. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಒಂದೇ ವ್ಯತ್ಯಾಸ ಕಂಡಿದ್ದು. ಬ್ರೌಸರ್ ಕಳಿಸಿದ ಹೋಸ್ಟ್ ದೊಡ್ಡಕ್ಷರದಲ್ಲಿ ಶುರುವಾಗುತ್ತದೆ, ನನ್ನದು ಪೂರ್ತಿ ಸಣ್ಣಕ್ಷರ. ಇದರಿಂದ ಏನಾದರೂ ಆಗುತ್ತದಾ?

ಪೀಣ್ಯ_ಎಂಬೆಡೆಡ್

ಆಗಬಾರದು, ಆದರೆ ಆಗುತ್ತದೆ. ನನಗೆ ಇದು ಚೆನ್ನಾಗಿ ಗೊತ್ತು, ಒಂದು ವಾರ ತಿಂದ ಸಮಸ್ಯೆ.

ಹೆಡರ್ ಹೆಸರಿಗೆ ದೊಡ್ಡಕ್ಷರ ಸಣ್ಣಕ್ಷರ ಭೇದ ಇಲ್ಲ ಎಂದು ಎಚ್‌ಟಿಟಿಪಿ ನಿಯಮ ಮೊದಲಿನಿಂದಲೂ ಹೇಳುತ್ತದೆ. ಎಚ್‌ಟಿಟಿಪಿ 2ರಲ್ಲಂತೂ ಸಣ್ಣಕ್ಷರವೇ ಕಡ್ಡಾಯ. ರಸ್ಟ್‌ನ ಎಚ್‌ಟಿಟಿಪಿ ಕ್ರೇಟ್ ಎಲ್ಲ ಹೆಸರನ್ನೂ ಸಣ್ಣಕ್ಷರದಲ್ಲೇ ಇಟ್ಟುಕೊಳ್ಳುತ್ತದೆ, ಹಾಗೇ ಕಳಿಸುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಸಣ್ಣ ಡಬ್ಬಿಗಳ ಫರ್ಮ್‌ವೇರ್ ಬರೆದವರು ಎಷ್ಟೋ ಸಲ ಅಕ್ಷರಕ್ಕೆ ಅಕ್ಷರ ಹೋಲಿಸಿ ಮುಗಿಸಿರುತ್ತಾರೆ. ಅವರು ಪರೀಕ್ಷಿಸಿದ್ದು ಬ್ರೌಸರಿನಲ್ಲಿ, ಅಲ್ಲಿ ಸರಿ ಬಂತು, ಡಬ್ಬಿ ಮಾರಾಟವಾಯಿತು.

ನಾವು ಒಂದು ಕಾರ್ಖಾನೆಯಲ್ಲಿ ತಾಪಮಾನ ಅಳೆಯುವ ಸಾಧನಕ್ಕೆ ಮಾತಾಡಿಸುತ್ತಿದ್ದೆವು. ಹಳೆ ಪೈಥಾನ್ ಸ್ಕ್ರಿಪ್ಟಿಗೆ ಉತ್ತರ ಕೊಡುತ್ತಿತ್ತು, ರಸ್ಟ್ ಪ್ರೋಗ್ರಾಮಿಗೆ ಕೊಡುತ್ತಿರಲಿಲ್ಲ. ಕೇಬಲ್ ಬದಲಾಯಿಸಿದೆವು, ಸ್ವಿಚ್ ಬದಲಾಯಿಸಿದೆವು. ಕೊನೆಗೆ ನೋಡಿದರೆ ಕಂಟೆಂಟ್-ಲೆಂಗ್ತ್‌ನ ಸಿ ಅಕ್ಷರ.

ಹೈಪರಿನ ಎಚ್‌ಟಿಟಿಪಿ 1 ಬಿಲ್ಡರಿನಲ್ಲಿ ಟೈಟಲ್-ಕೇಸ್-ಹೆಡರ್ಸ್ ಅನ್ನುವ ಆಯ್ಕೆ ಇದೆ. ಟ್ರೂ ಮಾಡಿ. ಪ್ರತಿ ಪದದ ಮೊದಲ ಅಕ್ಷರ ದೊಡ್ಡದಾಗಿ ಹೋಗುತ್ತದೆ.

ರಾಗಿಮುದ್ದೆ

ಲೈಬ್ರರಿಯವರು ಇಂಥ ಕೆಟ್ಟ ಡಬ್ಬಿಗಳಿಗೆ ಬಗ್ಗಬಾರದು ಎನ್ನುವುದು ನನ್ನ ಅಭಿಪ್ರಾಯ. ಬಗ್ಗುತ್ತಾ ಹೋದರೆ ತಪ್ಪೇ ನಿಯಮ ಆಗಿಬಿಡುತ್ತದೆ. 2023ರಲ್ಲಿ ಬಂದ ಆರ್‌ಎಫ್‌ಸಿ 9413 ಕೂಡ ಇದನ್ನೇ ಹೇಳುತ್ತದೆ.

ಮಲ್ಲೇಶ್ವರ_18ನೇಅಡ್ಡರಸ್ತೆ

ಕಾಗದದ ಮೇಲೆ ಸರಿ. ಆದರೆ 64 ಮನೆಯವರು ದುಡ್ಡು ಹಾಕಿ ಕೊಂಡ ಗೇಟ್‌ವೇಯನ್ನು ಎಸೆಯಿರಿ ಎಂದು ಅಸೋಸಿಯೇಷನ್ ಮೀಟಿಂಗಿನಲ್ಲಿ ಯಾರು ಹೇಳುತ್ತಾರೆ? ಕ್ಲೌಡ್‌ಫ್ಲೇರ್ ಕಂಪನಿಯವರು ಪಿಂಗೋರಾ ಎಂಬ ಪ್ರಾಕ್ಸಿ ಕಟ್ಟುವಾಗ ತಮ್ಮದೇ ಎಚ್‌ಟಿಟಿಪಿ ಲೈಬ್ರರಿ ಬರೆದುಕೊಂಡರು. ಕಾರಣ 2022ರಲ್ಲಿ ಅವರೇ ಬರೆದಿದ್ದಾರೆ. ಇಂಟರ್ನೆಟ್ಟಿನಲ್ಲಿ ನಿಯಮಕ್ಕೆ ಹೊಂದದ ಟ್ರಾಫಿಕ್ಕೂ ಬರುತ್ತದೆ, 599ಕ್ಕಿಂತ ಮೇಲಿನ ಸ್ಟೇಟಸ್ ಕೋಡ್ ಕಳಿಸುವ ಸರ್ವರುಗಳೂ ಇವೆ, ಅವನ್ನೂ ನಡೆಸಿಕೊಂಡು ಹೋಗಬೇಕು. ಕಟ್ಟುನಿಟ್ಟು ಒಳ್ಳೆಯದೇ. ಆದರೆ ಪಕ್ಕದಲ್ಲಿ ಒಂದು ಸಣ್ಣ ಬಾಗಿಲು ಬೇಕು. ಈ ಟೈಟಲ್-ಕೇಸ್ ಆಯ್ಕೆ ಅಂಥ ಬಾಗಿಲು, ಮೊದಲೇ ತೆರೆದಿಟ್ಟಿಲ್ಲ, ಬೇಕಾದವರು ತೆರೆದುಕೊಳ್ಳಬೇಕು.

ರಾಗಿಮುದ್ದೆ

ಮೊದಲೇ ತೆರೆದಿಲ್ಲ ಎಂಬುದಕ್ಕೆ ನಾನೂ ಒಪ್ಪುತ್ತೇನೆ.

ವೈಟ್‌ಫೀಲ್ಡ್_ರಾತ್ರಿಪಾಳಿ

ಸರ್ವರ್ ಬದಿ ಕೆಲಸ ಮಾಡುವವಳು ನಾನು, ಒಂದು ಮಾತು ಸೇರಿಸುತ್ತೇನೆ. ಹೈಪರ್ 1ರಲ್ಲಿ ಗಡಿಯಾರ ಒಳಗೆ ಇಲ್ಲ. ಹೆಡರ್ ಓದುವುದಕ್ಕೆ ಟೈಮ್‌ಔಟ್ ಬೇಕು ಅಂದರೆ ಟೈಮರನ್ನು ನಾವೇ ಬಿಲ್ಡರಿಗೆ ಕೊಡಬೇಕು. ಟೋಕಿಯೋ-ಟೈಮರ್ ಹೈಪರ್-ಯುಟಿಲ್‌ನಲ್ಲಿ ಸಿಗುತ್ತದೆ. ಕೊಡದಿದ್ದರೆ ಯಾರೋ ಒಬ್ಬರು ಹೆಡರನ್ನು ಒಂದೊಂದೇ ಬೈಟ್ ಕಳಿಸುತ್ತಾ ನಮ್ಮ ಕನೆಕ್ಷನ್ನುಗಳನ್ನೆಲ್ಲ ಹಿಡಿದು ಕೂರಬಹುದು. ನಾನು ಹಿಂದೆ ಇದ್ದ ಒಂದು ಕಡೆ ಹೀಗೇ ಆಯಿತು. ರಾತ್ರಿ ಎರಡು ಗಂಟೆಗೆ ಫೋನ್ ಬಂತು, ಬೆಳಗಾಗುವವರೆಗೆ ಎದ್ದಿದ್ದೆವು. 0.14ರಿಂದ ಬರುವವರು ಇದನ್ನು ದಯವಿಟ್ಟು ಮರೆಯಬೇಡಿ.

ಒಳ್ಳೆಯದನ್ನೂ ಹೇಳಬೇಕು. 2023ರ ಅಕ್ಟೋಬರಿನಲ್ಲಿ ಎಚ್‌ಟಿಟಿಪಿ 2ರ ರ‍್ಯಾಪಿಡ್ ರೀಸೆಟ್ ದಾಳಿ ಹೊರಬಂದಾಗ ಎಲ್ಲರೂ ಪ್ಯಾಚ್ ಹುಡುಕುತ್ತಿದ್ದರು. ಒಂದೇ ಕನೆಕ್ಷನ್ನಿನೊಳಗೆ ರಿಕ್ವೆಸ್ಟಿಗೊಂದು ಸ್ಟ್ರೀಮ್ ತೆರೆಯುವುದು, ತಕ್ಷಣ ರದ್ದು ಮಾಡುವುದು, ಮತ್ತೆ ತೆರೆಯುವುದು, ಇಷ್ಟೇ ಆ ದಾಳಿ. ಹೈಪರ್ ಬಳಸುವ ಎಚ್2 ಕ್ರೇಟಿನಲ್ಲಿ ಹೀಗೆ ರದ್ದಾಗುವ ಸ್ಟ್ರೀಮುಗಳಿಗೆ ಆ ವರ್ಷದ ಏಪ್ರಿಲಿನಲ್ಲೇ ಮಿತಿ ಹಾಕಿದ್ದರು. ಹಾಗಾಗಿ ಆ ವಾರ ನಮ್ಮ ತಂಡ ನೆಮ್ಮದಿಯಾಗಿತ್ತು.

ಹೆಬ್ಬಾಳ_ಫ್ಲೈಓವರ್

ಇದೇ ಎಳೆಯಲ್ಲಿ ನನ್ನದೂ ಒಂದು ಕೇಳಲಾ? ರಿಕ್ವೆಸ್ಟ್ ಬೇಕಿತ್ತು, ರಿಕ್ವೆಸ್ಟ್ ಸಿಕ್ಕಿತು, ಎರಡೂ ಒಂದೇ ಅಲ್ಲ ಎಂದು ಕಂಪೈಲರ್ ಹೇಳುತ್ತಿದೆ. ಎರಡೂ ಒಂದೇ ಹೆಸರು!

ಪೀಣ್ಯ_ಎಂಬೆಡೆಡ್

ಎಚ್‌ಟಿಟಿಪಿ ಕ್ರೇಟ್ ಎರಡು ಆವೃತ್ತಿಯಲ್ಲಿ ಬಂದು ಕೂತಿದೆ. ಒಂದು 0.2, ಒಂದು 1. ಹೆಸರು ಒಂದೇ ಆದರೂ ರಸ್ಟ್‌ಗೆ ಅವು ಬೇರೆ ಬೇರೆ ಟೈಪ್. ಕಾರ್ಗೋ ಟ್ರೀ ಕಮಾಂಡಿಗೆ ಡಿ ಫ್ಲ್ಯಾಗ್ ಹಾಕಿ ಓಡಿಸಿ, ಎರಡೆರಡು ಬಂದಿರುವ ಕ್ರೇಟುಗಳನ್ನು, ಅವನ್ನು ಎಳೆದು ತಂದವರು ಯಾರು ಎನ್ನುವುದನ್ನು ತೋರಿಸುತ್ತದೆ.

ಹೆಬ್ಬಾಳ_ಫ್ಲೈಓವರ್

ಸಿಕ್ಕಿತು. ಒಂದು ಹಳೆ ಮಿಡಲ್‌ವೇರ್ ಎಳೆಯುತ್ತಿತ್ತು.

ಕನಕಪುರರೋಡ್_ಕೋಡರ್

200 ಬಂತು, ಅಂದರೆ ಎಲ್ಲ ಸರಿ!! 64 ಮನೆಯ ರೀಡಿಂಗ್ ಪರದೆ ಮೇಲೆ ಬಂತು. ಆ ದೊಡ್ಡಕ್ಷರವೇ ಕಾರಣ. ಪೀಣ್ಯ ಸರ್, ನೀವು ಸಿಕ್ಕಿದರೆ ಕಾಫಿ ನನ್ನದು.

ಒಂದು ತೊಂದರೆ ಉಳಿದಿದೆ. ಮೊದಲ ಸಲ ಸರಿಯಾಗಿ ಬರುತ್ತದೆ. 15 ನಿಮಿಷ ಬಿಟ್ಟು ಅದೇ ಸೆಂಡರಿನಲ್ಲಿ ಕೇಳಿದರೆ ಕನೆಕ್ಷನ್ ಮುಚ್ಚಿದೆ ಎಂದು ಎರರ್.

ಕೆಂಪು_ಏಡಿ

ನಾನು ಹೇಳಿದ್ದು ಇದಕ್ಕೇ. ಸುಮ್ನೆ ಇರುವ ಕನೆಕ್ಷನ್ನನ್ನು ಗೇಟ್‌ವೇ ಮುಚ್ಚುತ್ತದೆ. ಪೂಲ್ ಇರುವ ಕ್ಲೈಂಟ್ ಅದನ್ನು ನೋಡಿಕೊಂಡು ಹೊಸದನ್ನು ತೆರೆಯುತ್ತದೆ. ಈಗ ನೀವು ಅದನ್ನೂ ಬರೆಯಬೇಕು.

ಬಸವನಗುಡಿ_ಬೈಟ್

15 ನಿಮಿಷಕ್ಕೆ ಒಂದು ಸಲ ಅಂದರೆ ಪೂಲ್ ಬೇಡವೇ ಬೇಡ. ಪ್ರತಿ ಸಲ ಹೊಸದಾಗಿ ಕನೆಕ್ಟ್ ಮಾಡಿ, ಓದಿ, ಬಿಟ್ಟುಬಿಡಿ. ದಿನಕ್ಕೆ 96 ಕನೆಕ್ಷನ್, ಯಾವ ಡಬ್ಬಿಗೂ ಭಾರವಲ್ಲ. ಪೂರ್ತಿ ಕೆಲಸವನ್ನು ಟೋಕಿಯೋದ ಟೈಮ್‌ಔಟ್ ಒಳಗೆ ಹಾಕಿ, ಹತ್ತು ಸೆಕೆಂಡ್ ಸಾಕು. ಪಂಪ್ ರೂಮಿನಲ್ಲಿ ಕರೆಂಟ್ ಹೋದಾಗ ಪೈ ಯುಪಿಎಸ್ ಮೇಲೆ ಎದ್ದಿದ್ದು ಗೇಟ್‌ವೇ ಮಲಗಿದ್ದರೆ ನಿಮ್ಮ ಪ್ರೋಗ್ರಾಂ ನೇತಾಡಿಕೊಂಡು ಕೂರಬಾರದು.

ಮುಂದೆ ಯಾವಾಗಲಾದರೂ ಒಂದೇ ಕನೆಕ್ಷನ್ನಿನಲ್ಲಿ ಎರಡು ರಿಕ್ವೆಸ್ಟ್ ಕಳಿಸುವ ಹಾಗಿದ್ದರೆ, ಮೊದಲ ಉತ್ತರದ ಬಾಡಿಯನ್ನು ಕೊನೆವರೆಗೂ ಓದಿ. ಎಚ್‌ಟಿಟಿಪಿ 1ರಲ್ಲಿ ಅದು ಮುಗಿಯದೆ ಮುಂದಿನದು ಹೊರಡುವುದಿಲ್ಲ.

ಕೆಂಪು_ಏಡಿ

ಈ ಕೆಲಸಕ್ಕೆ ಅದು ಸಾಕು, ಒಪ್ಪುತ್ತೇನೆ. ಆಫೀಸ್ ಕೋಡಿನಲ್ಲಿ ಮಾತ್ರ ಹೀಗೆ ಮಾಡಬೇಡಿ.

ಜಯನಗರ_4ನೇಬ್ಲಾಕ್

ಈ ಎಳೆಯನ್ನು ಯಾರಾದರೂ ಕ್ರಮವಾಗಿ ಬರೆದಿಡಿ. ನಮ್ಮ ಕಾಲೇಜಿನ ಹುಡುಗರಿಗೆ ಫ್ಯೂಚರ್, ಪೋಲ್ ಎಲ್ಲ ಇಂಗ್ಲಿಷಿನಲ್ಲಿ ಹೇಳಿದರೆ ತಲೆ ಆಡಿಸುತ್ತಾರೆ, ಅರ್ಥ ಆಗಿರುವುದಿಲ್ಲ. ಭಟ್ಟರು ಒಲೆ ಹಚ್ಚದ ಕಥೆ ಹೇಳಿದೆ, ಇವತ್ತು ಮೂರು ಜನ ಎದ್ದು ಪ್ರಶ್ನೆ ಕೇಳಿದರು.

ಕನಕಪುರರೋಡ್_ಕೋಡರ್

ನಾನೇ ಬರೆಯುತ್ತೇನೆ ಮೇಷ್ಟ್ರೇ. ಕೋಡಿನ ಕಾಮೆಂಟುಗಳನ್ನೂ ಕನ್ನಡದಲ್ಲೇ ಹಾಕುತ್ತಿದ್ದೇನೆ.

ನಾಲ್ಕು ದಿನದಿಂದ ನಿಲ್ಲದೆ ಓಡುತ್ತಿದೆ. ರೀಡಿಂಗ್ ನೋಡುತ್ತಾ ಒಂದು ವಿಷಯ ಕಂಡಿತು. ಮೂರನೇ ಮಹಡಿಯ ಒಂದು ಮನೆಯಲ್ಲಿ ರಾತ್ರಿ ಎರಡರಿಂದ ನಾಲ್ಕರವರೆಗೂ ಗಂಟೆಗೆ 11 ಲೀಟರ್ ಹೋಗುತ್ತಿದೆ. ಎಲ್ಲರೂ ಮಲಗಿರುವ ಹೊತ್ತು.

ಹಳೇ_ಸಿ_ಪ್ರೋಗ್ರಾಮರ್

ಫ್ಲಶ್ ಟ್ಯಾಂಕ್ ನೋಡಿಸಿ. ಸದ್ದಿಲ್ಲದೆ ಹರಿಯುತ್ತಿರುತ್ತದೆ.

ಕನಕಪುರರೋಡ್_ಕೋಡರ್

ಅದೇ ಆಗಿತ್ತು ಸರ್. ಆ ಮನೆಯಲ್ಲಿ ವಯಸ್ಸಾದ ಅಜ್ಜಿ ಒಬ್ಬರೇ ಇದ್ದಾರೆ, ಅವರಿಗೆ ಕೇಳಿಸಿರಲಿಲ್ಲ. ನಿನ್ನೆ ಬೆಳಗ್ಗೆ ಪ್ಲಂಬರ್ ಬಂದು ವಾಷರ್ ಬದಲಾಯಿಸಿದರು. ನಿನ್ನೆ ರಾತ್ರಿ ಎರಡರಿಂದ ನಾಲ್ಕರವರೆಗೆ ರೀಡಿಂಗ್ ಸೊನ್ನೆ.